ಹೆಕ್ಸ್ ಆಟದಲ್ಲಿ ಡ್ರಾ ಯಾಕೆ ಆಗುವುದೇ ಇಲ್ಲ?

ಎದುರಾಳಿಯ ದಾರಿಯನ್ನು ಪೂರ್ತಿ ಕಟ್ಟಬೇಕಾದರೆ ನಿಮ್ಮ ದಾರಿ ಮುಗಿದಿರಲೇಬೇಕು, ಅದಕ್ಕೇ. ಇಲ್ಲಿ ಕೆಂಪಿನವರು ಹಲಗೆಯ ಎದುರುಬದುರು ಅಂಚುಗಳೆರಡನ್ನು ತಮ್ಮ ಕಾಯಿಗಳ ಸಾಲಿನಿಂದ ಸೇರಿಸಬೇಕು, ನೀಲಿಯವರು ಉಳಿದೆರಡನ್ನು. ಇಟ್ಟ ಕಾಯಿಯನ್ನು ಕದಲಿಸುವಂತಿಲ್ಲ.

ಗುಟ್ಟೆಲ್ಲ ಆರು ಮೂಲೆಯ ಮನೆಗಳಲ್ಲಿದೆ. ಚೆಸ್ ಹಲಗೆಯಂಥ ಚೌಕ ಮನೆಗಳಾದರೆ ಒಂದು ಬಿಂದುವಿನಲ್ಲಿ ನಾಲ್ಕು ಮನೆ ಸೇರುತ್ತವೆ. ಎರಡು ಕೆಂಪು, ಎರಡು ನೀಲಿ ಓರೆಯಾಗಿ ಕೂತರೆ ಇಬ್ಬರಿಗೂ ದಾರಿ ಬಂದ್! ಜೇನುಗೂಡಿನಂಥ ಈ ಹಲಗೆಯಲ್ಲಿ ಸೇರುವುದು ಮೂರೇ ಮನೆ. ಹಲಗೆ ತುಂಬಿದಾಗ ಆ ಮೂರರಲ್ಲಿ ಎರಡಾದರೂ ಒಂದೇ ಬಣ್ಣದವು, ಅಲ್ವಾ? ಅವು ಪಕ್ಕಪಕ್ಕದವೇ ಆದ್ದರಿಂದ ಸಾಲು ಮುಂದುವರಿಯುತ್ತದೆ.

1942ರಲ್ಲಿ ಡೆನ್ಮಾರ್ಕಿನ ಪೀಟ್ ಹೈನ್ ಕಂಡುಹಿಡಿದ ಆಟವಿದು. ಕೆಲವು ವರ್ಷಗಳ ನಂತರ ಗಣಿತಜ್ಞ ಜಾನ್ ನ್ಯಾಶ್ ಕೂಡ ತಾವಾಗಿಯೇ ಇದನ್ನು ಕಂಡುಕೊಂಡರು.