ಎತ್ತರ ಆಮೇಲೆ, ಮೊದಲು ಚಾಸಿಸ್ ಬಡಿದು ನೋಡಿ

ಪ್ರಶ್ನೆ: ನಮಸ್ಕಾರ. ಶಿರಸಿ ಹತ್ತಿರ ನಮ್ಮ ಅಡಿಕೆ ತೋಟ. ಅಪ್ಪ 1989ರಲ್ಲಿ ತಗೊಂಡ ಮಹೀಂದ್ರ ಎಂಎಂ540 ಜೀಪು ಆರು ವರ್ಷದಿಂದ ಕೊಟ್ಟಿಗೆ ಪಕ್ಕ ನಿಂತಿದೆ. ಮನೆಯಲ್ಲೇ ಪೂರ್ತಿ ಬಿಚ್ಚಿ ರೆಡಿ ಮಾಡಬೇಕು ಅಂತಿದ್ದೇನೆ. ವೆಲ್ಡಿಂಗ್ ಮಿಷಿನ್, ಗ್ರೈಂಡರ್ ಇವೆ. 31 ಇಂಚಿನ ಟಯರ್ ಹಾಕಿ ನಾಲ್ಕು ಇಂಚು ಎತ್ತರಿಸುವ ಆಸೆ. ಎಲ್ಲಿಂದ ಶುರು ಮಾಡಲಿ?
– ಶಿರಸಿ ತಾಲೂಕಿನ ಓದುಗರು

ಉತ್ತರ: ಟಯರ್ ವಿಷಯ ಸದ್ಯ ಪಕ್ಕಕ್ಕಿಡಿ. ಒಂದು ಸಣ್ಣ ಸುತ್ತಿಗೆ ತಗೊಂಡು ಗಾಡಿ ಅಡಿಗೆ ಹೋಗಿ. ಹೋಗುವ ಮೊದಲು ನಾಲ್ಕೂ ಕಡೆ ಕಬ್ಬಿಣದ ಸ್ಟ್ಯಾಂಡ್ ಕೊಡಿ, ಜಾಕ್ ಒಂದನ್ನೇ ನಂಬಬೇಡಿ. ಚಿರೇಕಲ್ಲಿನ ಮೇಲೆ ಗಾಡಿ ನಿಲ್ಲಿಸೋದು ನಮ್ಮ ಕಡೆ ರೂಢಿ, ಆದರೆ ಮಳೆ ನೀರು ಕುಡಿದ ಚಿರೇಕಲ್ಲು ಹೇಳದೇ ಕೇಳದೇ ಒಡೆಯುತ್ತದೆ. ದಯವಿಟ್ಟು ಬೇಡ.

ಚಾಸಿಸ್, ಅಂದರೆ ಗಾಡಿಯನ್ನು ಹೊತ್ತ ಕಬ್ಬಿಣದ ಚೌಕಟ್ಟಿನ ಉದ್ದಕ್ಕೂ ಅಂಗೈ ಅಗಲಕ್ಕೊಂದು ಪೆಟ್ಟು ಹಾಕುತ್ತಾ ಹೋಗಿ. ಗಟ್ಟಿ ಕಬ್ಬಿಣ ಠಣ್ ಅನ್ನುತ್ತದೆ. ಒಳಗಿಂದ ತುಕ್ಕು ತಿಂದಿದ್ದರೆ ಶಬ್ದ ಥಪ್ ಅಂತ ಸತ್ತುಹೋಗುತ್ತದೆ, ಸುತ್ತಿಗೆ ಮೂತಿಗೆ ಕೆಂಪು ಹುಡಿ ಅಂಟುತ್ತದೆ. ಹಿಂದಿನ ಸ್ಪ್ರಿಂಗ್ ಕೂರುವ ಬ್ರಾಕೆಟ್ ಸುತ್ತ ಹೆಚ್ಚು ಹೊತ್ತು ನೋಡಿ. ತೋಟದ ಮಣ್ಣು ಅಲ್ಲೇ ಸೇರಿಕೊಂಡು ವರ್ಷಗಟ್ಟಲೆ ಒದ್ದೆ ಇರುತ್ತದೆ. ಥಪ್ ಅಂದ ಜಾಗಕ್ಕೆಲ್ಲ ಸೀಮೆಸುಣ್ಣದಲ್ಲಿ ಗುರುತು ಮಾಡಿ.

ಆಮೇಲೆ ಅಳತೆ. ಗಾರೆಯವರ ತೂಗುಗುಂಡನ್ನು ಚಾಸಿಸ್‌ನ ನಾಲ್ಕು ಮೂಲೆಗಳಿಂದ ಇಳಿಬಿಟ್ಟು ಸಿಮೆಂಟ್ ನೆಲದ ಮೇಲೆ ಚುಕ್ಕಿ ಇಡಿ. ಎಡ ಮುಂದಿನಿಂದ ಬಲ ಹಿಂದಕ್ಕೆ, ಬಲ ಮುಂದಿನಿಂದ ಎಡ ಹಿಂದಕ್ಕೆ ಟೇಪ್ ಹಿಡಿಯಿರಿ. ಎರಡೂ ಒಂದೇ ಬರಬೇಕು. ಐದಾರು ಮಿಲಿಮೀಟರ್‌ಗಿಂತ ಜಾಸ್ತಿ ವ್ಯತ್ಯಾಸ ಇದ್ದರೆ ಚಾಸಿಸ್ ಸೊಟ್ಟಗಾಗಿದೆ ಅಂತಲೇ ಲೆಕ್ಕ. ಹಾಗಿದ್ದಾಗ ಮನೆಯಲ್ಲಿ ವೆಲ್ಡಿಂಗ್ ಮಾಡಿದರೆ ಆ ಸೊಟ್ಟವನ್ನೇ ಕಾಯಂ ಮಾಡಿದಂತಾಗುತ್ತದೆ. ಮೊದಲು ಚಾಸಿಸ್ ನೇರ ಮಾಡುವವರ ಹತ್ತಿರ ಒಯ್ಯಿರಿ.

ಇಂಜಿನ್ ಬಗ್ಗೆ ಗಾಬರಿ ಬೇಡ. ನಿಮ್ಮದರಲ್ಲಿರುವ 2,112 ಸಿಸಿಯ ಪ್ಯೂಜೊ ಡೀಸೆಲ್ ಇಂಜಿನ್ ತಾಳಿಕೆಯದ್ದು. ಬೆಳಗಿನ ಚಳಿಯಲ್ಲಿ ಬಿಳಿ ಹೊಗೆ ಬಿಟ್ಟು ಸ್ಟಾರ್ಟ್ ಆಗದಿದ್ದರೆ ಒಡನೆ ಹೆಡ್ ಬಿಚ್ಚಬೇಡಿ, ಸ್ಟಾರ್ಟ್ ಮಾಡುವ ಮೊದಲು ಇಂಜಿನ್ ಒಳಗೆ ಬಿಸಿ ಮಾಡುವ ಹೀಟರ್ ಪ್ಲಗ್ ನೋಡಿ. ಹಳೇ ಡೀಸೆಲ್ ಪೂರ್ತಿ ಚೆಲ್ಲಿ, ಟ್ಯಾಂಕ್ ತೊಳೆದು, ಫಿಲ್ಟರ್ ಬದಲಿಸಿ. ಸಿಲಿಂಡರ್ ಒಳಗೆ ಒತ್ತಡ ಸರಿಯಾಗಿ ಏರುತ್ತದೆಯೇ ಅಂತ ನೋಡುವ ಕಂಪ್ರೆಶನ್ ಪರೀಕ್ಷೆ ಮಾಡಿಸಿದ ಮೇಲೆ ಮುಂದಿನ ಮಾತು.

ಬ್ರೇಕ್ ವಿಷಯದಲ್ಲಿ ಮಾತ್ರ ಒಂದು ರೂಪಾಯಿಯನ್ನೂ ಉಳಿಸಬೇಡಿ. ನಮ್ಮ ಮನೆಯ ಹಳೇ ಜೀಪು ದೇವಿಮನೆ ಘಟ್ಟ ಇಳಿಯುವಾಗ ಒಂದು ತಿರುವಿನಲ್ಲಿ ಪೆಡಲ್ ಸೀದಾ ನೆಲಕ್ಕೆ ಹೋಯಿತು. ಎರಡನೇ ಗೇರ್‌ನಲ್ಲಿದ್ದೆ, ಒಂದಕ್ಕೆ ಇಳಿಸಿ, ಹ್ಯಾಂಡ್ ಬ್ರೇಕ್ ಎಳೆದು, ಗುಡ್ಡದ ಬದಿಯ ಚರಂಡಿಗೆ ಚಕ್ರ ಇಳಿಸಿ ನಿಲ್ಲಿಸಿದೆ. ಪಕ್ಕದಲ್ಲಿ ಆಯಿ ಕೂತಿದ್ದಳು. ಆಮೇಲೆ ನೋಡಿದರೆ ಹಿಂದಿನ ಆಕ್ಸಲ್ ಮೇಲಿನ ಕಬ್ಬಿಣದ ಪೈಪ್, ಕ್ಲಿಪ್‌ನ ಅಡಿ ತುಕ್ಕು ಹಿಡಿದು ಸೂಜಿ ತೂತಾಗಿತ್ತು. ಪೆಡಲ್ ಒತ್ತಿದಾಗ ಬ್ರೇಕ್ ಆಯಿಲ್ ತಳ್ಳುವ ಮಾಸ್ಟರ್ ಸಿಲಿಂಡರ್ ಅದರಲ್ಲಿ ಒಂದೇ ಸರ್ಕ್ಯೂಟಿನದ್ದು, ಎಲ್ಲಿ ಸೋರಿದರೂ ನಾಲ್ಕೂ ಚಕ್ರದ ಬ್ರೇಕ್ ಹೋದ ಹಾಗೇ. ಮೇಲಿಂದ ಪೇಂಟ್ ಚೆನ್ನಾಗೇ ಇತ್ತು! ಅದಕ್ಕೇ ಹೇಳೋದು: ಪೈಪ್, ರಬ್ಬರ್ ಹೋಸ್, ವೀಲ್ ಸಿಲಿಂಡರ್ ಎಲ್ಲ ಹೊಸದು ಹಾಕಿ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ, ನಮ್ಮ ಮಳೆನಾಡಲ್ಲಿ ಎರಡು ವರ್ಷಕ್ಕೊಮ್ಮೆ ಬದಲಿಸಲೇಬೇಕು.

ಈಗ ನಿಮ್ಮ ನಾಲ್ಕು ಇಂಚು. ಸ್ಪ್ರಿಂಗ್ ಎತ್ತರಿಸಿದರೆ ಬಾಡಿ ಮೇಲೇಳುತ್ತದೆ, ಆಕ್ಸಲ್ ಏಳುವುದಿಲ್ಲ. ತೋಟದ ದಾರಿಯ ಕಲ್ಲಿಗೆ ತಾಗುವುದು ಆಕ್ಸಲ್ ನಡುವಿನ ಆ ಗುಂಡು, ಡಿಫರೆನ್ಷಿಯಲ್. ಅದನ್ನು ಎತ್ತುವುದು ಟಯರ್ ಮಾತ್ರ. 28 ಇಂಚಿನಿಂದ 31ಕ್ಕೆ ಹೋದರೆ ಅಡಿಯಲ್ಲಿ ಸಿಗುವುದು ಒಂದೂವರೆ ಇಂಚು. ಅದಕ್ಕೆ ಬದಲಾಗಿ ಗಾಡಿಯ ಎಳೆತ ಸುಮಾರು ಹತ್ತನೇ ಒಂದು ಪಾಲು ಕಮ್ಮಿ ಆಗುತ್ತದೆ, ಸ್ಪೀಡೋಮೀಟರ್ 50 ತೋರಿಸುವಾಗ ಗಾಡಿ 55ರಲ್ಲಿ ಓಡುತ್ತಿರುತ್ತದೆ, ಬ್ರೇಕ್‌ಗೂ ಸ್ಟೇರಿಂಗ್‌ಗೂ ಭಾರ ಜಾಸ್ತಿ. ಸ್ಪ್ರಿಂಗ್ ತುದಿಯನ್ನು ಚಾಸಿಸ್‌ಗೆ ಜೋಡಿಸುವ ಪಟ್ಟಿ, ಶ್ಯಾಕಲ್, ಅದನ್ನೇ ಉದ್ದದ್ದು ಹಾಕಿ ಎತ್ತರಿಸುವವರೂ ಇದ್ದಾರೆ. ಶ್ಯಾಕಲ್ ಎರಡು ಇಂಚು ಉದ್ದ ಮಾಡಿದರೆ ಗಾಡಿ ಏಳುವುದು ಹೆಚ್ಚುಕಮ್ಮಿ ಒಂದೇ ಇಂಚು, ಜೊತೆಗೆ ಆಕ್ಸಲ್ ಕೋನ ತಪ್ಪುತ್ತದೆ, ಮುಂದೆ ಸ್ಟೇರಿಂಗ್ ಗಡಗಡ ನಡುಗಲು ಶುರು. ನನ್ನ ಮಾತು ಕೇಳುವುದಾದರೆ ಕುಸಿದ ಸ್ಪ್ರಿಂಗ್ ಪ್ಲೇಟುಗಳನ್ನು ಮೂಲ ಬಾಗಿಗೆ ತನ್ನಿ, ಹೊಸ ಬುಶ್ ಹಾಕಿ, ಕಂಪನಿ ಸೈಜಿನಲ್ಲೇ ಒಳ್ಳೇ ಹಲ್ಲಿನ ಟಯರ್ ಹಾಕಿ. ಅಡಿಕೆ ಮೂಟೆ ಹೇರಿಕೊಂಡು ಏರು ಹತ್ತುವ ಜೀಪಿಗೆ ಅಷ್ಟು ಸಾಕು.

ಕಾನೂನೂ ಅದನ್ನೇ ಹೇಳುತ್ತದೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ತಯಾರಕರು ಕೊಟ್ಟ ಮೂಲ ವಿವರಕ್ಕೆ ಹೊಂದದ ಬದಲಾವಣೆ ಮಾಡುವಂತಿಲ್ಲ, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿ ಹಿಡಿಯಿತು. ನಿಮ್ಮ ಗಾಡಿಗೆ 2004ರಲ್ಲೇ 15 ವರ್ಷ ತುಂಬಿದೆ, ಅಲ್ಲಿಂದ ಐದೈದು ವರ್ಷಕ್ಕೊಮ್ಮೆ ಆರ್‌ಸಿ ನವೀಕರಣ ಆಗಬೇಕು. ಆರು ವರ್ಷ ನಿಂತಿದೆ ಅಂದಮೇಲೆ ಒಂದು ಸಲ ತಪ್ಪಿರುವ ಸಾಧ್ಯತೆಯೇ ಜಾಸ್ತಿ, ಅಲ್ವಾ? ಬೋಲ್ಟ್ ಬಿಚ್ಚುವ ಮೊದಲೇ ಶಿರಸಿ ಆರ್‌ಟಿಒದಲ್ಲಿ ವಿಚಾರಿಸಿ. ಬಣ್ಣ ಬದಲಿಸುವುದಿದ್ದರೂ ಅಲ್ಲೇ ಕೇಳಿ. ಚಾಸಿಸ್ ನಂಬರ್ ಕೊರೆದ ಜಾಗಕ್ಕೆ ಗ್ರೈಂಡರ್ ಮುಟ್ಟಿಸಲೇಬೇಡಿ.

ಪ್ರಶ್ನೆ: ನಮ್ಮ ಮನೆ ಕಾರವಾರದ ಬಿಣಗಾದಲ್ಲಿ. ಜೀಪಿನ ನೆಲದ ತಗಡು, ಚಾಸಿಸ್ ಎರಡೂ ತೂತಾಗಿವೆ. ಒಮ್ಮೆ ಗ್ಯಾರೇಜಿನಲ್ಲಿ ಪುಟ್ಟಿ ಹಚ್ಚಿ ಪೇಂಟ್ ಮಾಡಿಕೊಟ್ಟರು, ಒಂದೇ ಮಳೆಗಾಲಕ್ಕೆ ಗುಳ್ಳೆ ಎದ್ದಿತು. ಏನು ಮಾಡಲಿ?
– ಕಾರವಾರದ ಓದುಗರು

ಉತ್ತರ: ಪುಟ್ಟಿಯ ಹಿಂದೆ ತುಕ್ಕು ಹಾಗೇ ಉಳಿದಿತ್ತು, ಅದರಲ್ಲಿ ಉಪ್ಪೂ ಇತ್ತು. ಉಪ್ಪು ಇರುವವರೆಗೆ ತೇವ ಎಳೆಯುತ್ತಲೇ ಇರುತ್ತದೆ. ಹಾಗಾಗಿ ಮೊದಲ ಕೆಲಸ ಬಾವಿಯ ಸಿಹಿನೀರಲ್ಲಿ ಅಡಿಭಾಗವೆಲ್ಲ ಜೋರಾಗಿ ತೊಳೆದು, ಚಾಸಿಸ್‌ನ ನೀರು ಬಸಿಯುವ ತೂತುಗಳಿಗೆ ತಂತಿ ಹಾಕಿ ಬಿಡಿಸುವುದು. ಎರಡು ದಿನ ಬಿಸಿಲು ಕೊಡಿ. ಆಮೇಲೆ ಹೊಳೆಯುವ ಕಬ್ಬಿಣ ಕಾಣುವವರೆಗೆ ತಿಕ್ಕಿ, ಕೊಳೆತದ್ದನ್ನು ಕತ್ತರಿಸಿ ತೆಗೆಯಿರಿ.

ಚಾಸಿಸ್ ಪ್ಯಾಚ್ ಮೂಲದಷ್ಟೇ ದಪ್ಪದ ತಗಡಿನದ್ದಿರಲಿ. ಚೌಕ ಕತ್ತರಿಸಬೇಡಿ. ಎರಡೂ ತುದಿಯನ್ನು ಬಾಯಿ ತೆರೆದ ಮೀನಿನ ಹಾಗೆ ಸೀಳಿ ಬೆಸೆಯಿರಿ. ಚಾಸಿಸ್‌ಗೆ ಅಡ್ಡಲಾಗಿ ನೇರ ಗೆರೆಯಲ್ಲಿ ಬೆಸುಗೆ ಬಿದ್ದರೆ ಗುಂಡಿ ಹಾರಿದಾಗೆಲ್ಲ ಪೂರ್ತಿ ಪೆಟ್ಟು ಆ ಗೆರೆಗೇ, ಬಿರುಕು ಅಲ್ಲೇ ಹುಟ್ಟುತ್ತದೆ. ವೆಲ್ಡಿಂಗ್‌ಗೆ ಮೊದಲು ಬ್ಯಾಟರಿ ತಂತಿ ಬಿಚ್ಚಿ, ಡೀಸೆಲ್ ಟ್ಯಾಂಕ್ ಕಳಚಿ ದೂರ ಇಡಿ. ನಂತರ ಎಪಾಕ್ಸಿ ಪ್ರೈಮರ್, ಸಂದುಗಳಿಗೆ ಸೀಲರ್, ಆಮೇಲೆ ಪೇಂಟ್, ಕೊನೆಗೆ ಚಾಸಿಸ್ ಒಳಗೆ ಉದ್ದ ನಳಿಗೆಯಲ್ಲಿ ಮೇಣದ ಸ್ಪ್ರೇ. ಸುಟ್ಟ ಇಂಜಿನ್ ಆಯಿಲ್ ಬಳಿಯಬೇಡಿ, ರಬ್ಬರ್ ಬುಶ್ ಉಬ್ಬಿ ಹಾಳಾಗುತ್ತವೆ, ಮಳೆ ಬಂದರೆ ತೊಟ್ಟಿಕ್ಕಿ ಬಾವಿ ನೀರಿಗೂ ಸೇರುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಶೆಡ್ ಒಳಗೆ ಬಿಚ್ಚುವ, ತಿಕ್ಕುವ ಕೆಲಸ ಇಟ್ಟುಕೊಳ್ಳಿ. ಪೇಂಟಿಗೆ ದೀಪಾವಳಿ ಕಳೆದು ಗಾಳಿ ಒಣಗಲಿ.

ಪ್ರಶ್ನೆ: ಮಳೆಯಲ್ಲಿ ಅರಬೈಲ್ ಘಟ್ಟ ಇಳಿಯುವಾಗ ಹಿಡಿತಕ್ಕೆ ಅಂತ ಫೋರ್ ವೀಲ್ ಹಾಕಿದ್ದೆ. ಕೆಳಗೆ ಬಂದಮೇಲೆ ಲಿವರ್ ಹಿಂದೆ ಬರಲೇ ಇಲ್ಲ. ಗೇರ್ ಬಾಕ್ಸ್ ಹೋಯಿತೇ?
– ಅಂಕೋಲಾದ ಓದುಗರು

ಉತ್ತರ: ಹೋಗಿರಲಾರದು. ಹಳೇ ಜೀಪುಗಳಲ್ಲಿ ಮುಂದಿನ, ಹಿಂದಿನ ಆಕ್ಸಲ್ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಡಿಫರೆನ್ಷಿಯಲ್ ಅವುಗಳ ನಡುವೆ ಇಲ್ಲ. ತಿರುವಿನಲ್ಲಿ ಮುಂದಿನ ಚಕ್ರ ಜಾಸ್ತಿ ದೂರ ಉರುಳಬೇಕು, ಟಾರಿನ ಮೇಲೆ ಜಾರಲು ಆಸ್ಪದವಿಲ್ಲ, ಶಾಫ್ಟ್ ಎಲ್ಲ ಹಗ್ಗ ಹೊಸೆದ ಹಾಗೆ ಬಿಗಿಯುತ್ತವೆ. ಸ್ಟೇರಿಂಗ್ ನೇರ ಇಟ್ಟು ನಾಲ್ಕೈದು ಮೀಟರ್ ರಿವರ್ಸ್ ಹೋಗಿ, ಲಿವರ್ ಸಡಿಲ ಆಗುತ್ತದೆ. ಘಟ್ಟ ಇಳಿಯಲು ಸಣ್ಣ ಗೇರ್ ಸಾಕು, ಫೋರ್ ವೀಲ್ ಕೆಸರಿಗೆ, ಮರಳಿಗೆ ಇರಲಿ. ಆದರೂ ಎರಡೂ ಆಕ್ಸಲ್‌ಗೆ ಶಕ್ತಿ ಹಂಚುವ ಪೆಟ್ಟಿಗೆ, ಟ್ರಾನ್ಸ್‌ಫರ್ ಕೇಸ್‌ನ ಎಣ್ಣೆ ಒಮ್ಮೆ ಇಳಿಸಿ ಬೆರಳಲ್ಲಿ ಉಜ್ಜಿ ನೋಡಿ. ಕಬ್ಬಿಣದ ಚೂರು ಕೈಗೆ ಚುಚ್ಚಿದರೆ ಬಿಚ್ಚಿಸಲೇಬೇಕು.