ರಚ್ಚಿನ ಮಸಿಗೆ ಪೇಟೆಂಟ್ ಸಿಗುತ್ತಾ?

ಪ್ರಶ್ನೆ: ಮದ್ದೂರಿನ ಹತ್ತಿರ ನಮ್ಮದೊಂದು ಆಲೆಮನೆ ಇದೆ. ಎಂ.ಎಸ್ಸಿ. ಓದುತ್ತಿರುವ ಮಗಳು ಕಬ್ಬಿನ ರಚ್ಚಿನಿಂದ, ಅಂದರೆ ರಸ ಹಿಂಡಿ ಉಳಿದ ಸಿಪ್ಪೆಯಿಂದ, ಕಪ್ಪು ಪುಡಿ ಮಾಡಿದ್ದಾಳೆ. ಗ್ರಾಫೀನ್ ಅಂತಾಳೆ. ಬಣ್ಣದ ನೀರಿಗೆ ಹಾಕಿದರೆ ತಿಳಿಯಾಗುತ್ತದೆ. ಕಾಲೇಜಿನ ಮೇಳದಲ್ಲೂ ತೋರಿಸಿದಳು. ಗ್ರಾಫೀನ್‌ಗೆ ಪೇಟೆಂಟ್ ಮಾಡಿಸಬಹುದೇ?
– ಒಬ್ಬ ಓದುಗರು, ಮದ್ದೂರು ತಾಲ್ಲೂಕು

ಉತ್ತರ: ಗ್ರಾಫೀನ್‌ಗೆ ಆಗೋದಿಲ್ಲ ಸ್ವಾಮಿ. ಗ್ರಾಫೀನ್ ಅಂದರೆ ಒಂದೇ ಪರಮಾಣು ದಪ್ಪದ ಇಂಗಾಲದ ಹಾಳೆ. ಮ್ಯಾಂಚೆಸ್ಟರ್‌ನಲ್ಲಿ ಗೈಮ್ ಮತ್ತು ನೊವೊಸೆಲೊವ್ ಗ್ರಾಫೈಟ್‌ಗೆ ಗಮ್ ಟೇಪ್ ಅಂಟಿಸಿ, ಕಿತ್ತು, ಒಂದೇ ಪದರ ಬಿಡಿಸಿದ ಸುದ್ದಿ ಹೊರಬಿದ್ದದ್ದು 2004ರಲ್ಲಿ. 2010ರಲ್ಲಿ ನೊಬೆಲ್ಲೂ ಬಂತು. ಹಳೆಯ ವಸ್ತು ಅದು. ರಚ್ಚು ಹೇಗೆ ಪುಡಿಯಾಯಿತು, ಅದಷ್ಟೇ ನಿಮ್ಮ ಮಗಳದ್ದು.

ಒಂದು ಕಿರಿಕಿರಿಯ ಮಾತು ಹೇಳ್ತೀನಿ, ಬೇಜಾರಾಗಬೇಡಿ. ನೀರಿನ ಬಣ್ಣ ತೆಗೆಯೋದಕ್ಕೆ ಗ್ರಾಫೀನೇ ಬೇಕಿಲ್ಲ, ಸಂಸ್ಕರಿಸಿದ ಇದ್ದಿಲೂ ತೆಗೆಯುತ್ತೆ. ಪೇಟೆಂಟ್ ಕಚೇರಿಯ ಪರೀಕ್ಷಕರು ಮೊದಲು ಕೇಳೋದೇ ಅದು. ನಮ್ಮ ಕಾನೂನಿನ ಸೆಕ್ಷನ್ 3(ಡಿ) ಕಣದ ಗಾತ್ರದ ಹೆಸರೆತ್ತಿಯೇ ಹೇಳುತ್ತೆ: ಗೊತ್ತಿರುವ ವಸ್ತುವನ್ನು ಸುಮ್ನೆ ಸಣ್ಣ ಮಾಡಿದರೆ ಹೊಸದಲ್ಲ, ಗುಣ ಗಣನೀಯವಾಗಿ ಹೆಚ್ಚಿರಬೇಕು. ಹಾಗಾಗಿ ಒಂದೇ ನೀರು, ಒಂದೇ ತೂಕ, ಒಂದು ಲೋಟಕ್ಕೆ ಇದ್ದಿಲು, ಇನ್ನೊಂದಕ್ಕೆ ಮಗಳ ಪುಡಿ. ಅಂಕಿ ಬರೆದಿಡಲಿ. ಪುಡಿಯ ಮೇಲೆ ಲೇಸರ್ ಬೆಳಕು ಬಿಟ್ಟು ನೋಡುವ ರಾಮನ್ ಪರೀಕ್ಷೆಯೂ ಆಗಲಿ. ಪದರ ಒಂದೋ, ಐದೋ, ಅಥವಾ ಬರೀ ಮಸಿಯೋ ಅಂತ ಅದರಲ್ಲಿ ಅಂದಾಜು ಸಿಗುತ್ತೆ. ಮಾನಸಗಂಗೋತ್ರಿಯಲ್ಲಿ ವಿಚಾರಿಸಿ.

ಮೈಸೂರಲ್ಲಿ ಕೂತು ಇಪ್ಪತ್ತು ವರ್ಷ ಪೇಟೆಂಟ್ ಅರ್ಜಿ ಬರೆದವನು ನಾನು. ಒಮ್ಮೆ ಇಂಥದ್ದೇ ಇಂಗಾಲದ ಪುಡಿಯ ಅರ್ಜಿಯಲ್ಲಿ ‘ಸಾಕಷ್ಟು ಹೊತ್ತು ಕಾಯಿಸಿ’ ಅಂತ ಬರೆದುಬಿಟ್ಟೆ. ಸಾಕಷ್ಟು ಅಂದರೆ ಎಷ್ಟು ಅಂತ ಕೇಳಿದರು. ಆಮೇಲೆ ಗಂಟೆ, ಡಿಗ್ರಿ ತುಂಬಿಸೋಣ ಅಂದರೆ ಬಿಡಲಿಲ್ಲ. ಮೊದಲ ಅರ್ಜಿಯಲ್ಲಿ ಇಲ್ಲದ್ದನ್ನು ಆಮೇಲೆ ಸೇರಿಸೋ ಹಾಗಿಲ್ಲ. ಅರ್ಜಿ ಬಿತ್ತು, ತಪ್ಪು ನನ್ನದೇ. ಪಾಕದ ಹದ ನೀವು ಕಣ್ಣಲ್ಲೇ ನೋಡ್ತೀರಿ, ಆದರೆ ಪೇಟೆಂಟ್‌ನಲ್ಲಿ ಬೇರೆ ಊರಿನವನು ಓದಿ ಅದೇ ಪುಡಿ ತೆಗೆಯಬೇಕು. ಇಂಥ ಅತಿ ಸೂಕ್ಷ್ಮ, ಅಂದರೆ ನ್ಯಾನೊ ವಸ್ತುವಿಗೆ ಇದು ಜಾಸ್ತಿ ಕಷ್ಟ. ಕುಲುಮೆ ಬದಲಾದರೆ ಪದರವೂ ಬದಲಾಗಬಹುದು. ನಾಲ್ಕೈದು ಸಲ ಮಾಡಿ, ಪ್ರತಿ ಸಲದ ಲೆಕ್ಕ ಇಡಲಿ.

ಇನ್ನು ಮೇಳ. ಅರ್ಜಿಗೆ ಮೊದಲೇ ಜನರ ಮುಂದೆ ಬಯಲಾದದ್ದು ಹೊಸದಲ್ಲ ಅಂತ ಅರ್ಜಿ ಬೀಳಬಹುದು. ಕೇಂದ್ರ ಸರ್ಕಾರ ಗೆಜೆಟ್‌ನಲ್ಲಿ ಪ್ರಕಟಿಸಿದ ಪ್ರದರ್ಶನವಾದರೆ ಹನ್ನೆರಡು ತಿಂಗಳ ರಿಯಾಯಿತಿ ಉಂಟು. ಕಾಲೇಜಿನ ಮೇಳಕ್ಕೆ ಅದು ಸಿಗೋದು ಅನುಮಾನ. ಬಾಟಲಿಯಲ್ಲಿ ಪುಡಿ ತೋರಿಸಿದ್ದು ಅಷ್ಟು ತೊಂದರೆಯಲ್ಲ, ಮಾಡುವ ವಿಧಾನ ಹೇಳಿದ್ದರೆ ತೊಂದರೆ. ಇನ್ನು ಎಲ್ಲೂ ತೋರಿಸದೆ ತಾತ್ಕಾಲಿಕ ಅರ್ಜಿ ಹಾಕಿ. ನಮಗೆ ಚೆನ್ನೈ ಕಚೇರಿ. ಆನ್‌ಲೈನ್‌ನಲ್ಲೇ ಹಾಕಬಹುದು. ಪೂರ್ಣ ಅರ್ಜಿಗೆ ಆಮೇಲೆ ಹನ್ನೆರಡು ತಿಂಗಳಿರುತ್ತೆ.

ಮೇಳದ ಚಾರ್ಟಿನ ಫೋಟೊ ಇದ್ದರೆ ಕಳಿಸಿ. ಎಷ್ಟು ಡಿಗ್ರಿ ಅಂತ ಅದರಲ್ಲಿ ಬರೆದಿದ್ದಾಳಾ, ಮೊದಲು ಅದನ್ನು ನೋಡೋಣ.