ಅಜ್ಜಿಯ ಧಾರೆ ಸೀರೆ ಉಡಬಹುದಾ? ಮೊದಲು ಮಡಿಕೆ ನೋಡಿ

ಐವತ್ತು ವರ್ಷ ದಾಟಿದ ಅಜ್ಜಿಯ ಧಾರೆ ಸೀರೆಯನ್ನು ನಿಮ್ಮ ಮದುವೆಗೆ ಉಡಬಹುದಾ, ಅದು ತಡೆಯದಿದ್ದರೆ ಅಂಥದ್ದೇ ಹಳೆ ಸೀರೆ ಕೊಳ್ಳಬಹುದಾ ಅಂತ ಕೇಳಿದ್ದೀರಿ. ಸೀರೆ ಗಟ್ಟಿಯಿದ್ದರೆ ಖಂಡಿತ ಉಡಿ. ನಾನೂ ಅಜ್ಜಿಯ ಸೀರೆಯಲ್ಲೇ ಧಾರೆಗೆ ನಿಂತವಳು.

ಹಗಲು ಹೊತ್ತಿನಲ್ಲಿ ಚಾಪೆಯ ಮೇಲೆ ಹಳೆ ಪಂಚೆ ಹಾಸಿ ಸೀರೆಯನ್ನು ಪೂರ್ತಿ ಬಿಡಿಸಿ. ಬಣ್ಣ, ಹೊಳಪು ಆಮೇಲೆ. ಮೊದಲು ಮಡಿಕೆಯ ಗೆರೆಗಳನ್ನು ಕಿಟಕಿಯ ಬೆಳಕಿಗೆ ಹಿಡಿಯಿರಿ. ಹಳೆ ರೇಷ್ಮೆ ಮೊದಲು ಸೋಲುವುದು ಅಲ್ಲಿ. ಅಸಲಿ ಜರಿ ಅಂದರೆ ನೂಲಿನ ಎಳೆಗೆ ಸುತ್ತಿದ ತೆಳು ಬೆಳ್ಳಿ ತಂತಿ, ಅದರ ಮೇಲೆ ಚಿನ್ನದ ಲೇಪ. ವರ್ಷಗಟ್ಟಲೆ ಒಂದೇ ಮಡಿಕೆಯಲ್ಲಿದ್ದರೆ ತಂತಿಯೂ ಮುರಿಯುತ್ತದೆ, ಪಕ್ಕದ ರೇಷ್ಮೆಯೂ ಸೀಳುತ್ತದೆ. ನನ್ನ ಅಜ್ಜಿಯ ಸೀರೆಯ ಸೆರಗಲ್ಲಿ ಸೂಜಿಯಿಂದ ಚುಚ್ಚಿದ ಹಾಗೆ ಬೆಳಕಿನ ಚುಕ್ಕೆಗಳ ಸಾಲೇ ಕಂಡಿತು. ಹರಿದ ಬಟ್ಟೆಯನ್ನು ಗೊತ್ತಾಗದ ಹಾಗೆ ಸರಿಮಾಡುವ ರಫೂ ಕೆಲಸದವರ ಹತ್ತಿರ ಹೋದೆ. ಅವರು ಸೆರಗಿನ ಹಿಂದೆ ಅದೇ ಬಣ್ಣದ ತೆಳು ನೆಟ್ ಕೊಟ್ಟು ಹೊಲಿದರು. ಎದುರಿಗೆ ನಿಂತವರಿಗೂ ಗೊತ್ತಾಗಲಿಲ್ಲ.

ಸೀರೆಯ ಒಡಲನ್ನು, ಅಂದರೆ ಅಂಚು ಸೆರಗು ಬಿಟ್ಟ ಭಾಗವನ್ನು, ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಎಳೆದು ನೋಡಿ. ಎಳೆಗಳು ಬಿಟ್ಟುಕೊಂಡರೆ ಉಡುವ ಆಸೆ ಬಿಡಿ. ನೆರಿಗೆ ಸಿಕ್ಕಿಸುವಾಗಲೇ ಹರಿಯುತ್ತದೆ. ಅಂಚು ಚೆನ್ನಾಗಿದ್ದರೆ ಬಿಚ್ಚಿಸಿ ಹೊಸ ಸೀರೆಗೆ ಹಾಕಿಸಿಕೊಳ್ಳಬಹುದು.

ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. ಹಳೆ ಸೀರೆಯನ್ನು ರೋಲರ್‌ಗೆ ಹಾಕಿ ಗರಿಗರಿ ಮಾಡುವ ರೋಲಿಂಗ್ ಪಾಲಿಶ್‌ಗೆ ಕೊಡಬೇಡಿ. ಚಿಕ್ಕಮ್ಮನ ಮದುವೆ ಸೀರೆಯನ್ನು ಒಂದು ಅಂಗಡಿಗೆ ಕೊಟ್ಟಿದ್ದೆವು. ಹೊಸದರ ಹಾಗೆ ಗರಿಗರಿಯಾಗಿ ಬಂತು. ಬಿಡಿಸಿದರೆ ಮಡಿಕೆಯುದ್ದಕ್ಕೂ ಸೀಳು. ಚಿಕ್ಕಮ್ಮ ಏನೂ ಅನ್ನಲಿಲ್ಲ, ಸುಮ್ನೆ ಮತ್ತೆ ಮಡಚಿಟ್ಟರು. ಆ ಮುಖ ನನಗೆ ಇನ್ನೂ ಕಣ್ಣಲ್ಲಿದೆ. ಜರಿ ಕಪ್ಪಾಗಿದ್ದರೂ ಹಾಗೇ ಇರಲಿ, ಬೆಳ್ಳಿ ಕಪ್ಪಾಗುವುದೇ. ದೇವರ ಪಾತ್ರೆಯ ಹಾಗೆ ಹುಣಸೆಹಣ್ಣು, ವಿಭೂತಿ ಹಾಕಿ ತಿಕ್ಕಬೇಡಿ.

ಕೊಳ್ಳುವುದಾದರೆ ಫೋಟೋ ನೋಡಿ ಕೊಳ್ಳಬೇಡಿ, ಮಡಿಕೆ ಫೋಟೋದಲ್ಲಿ ಕಾಣುವುದಿಲ್ಲ. ಜರಿಯ ತಂತಿಯನ್ನು ಸ್ವಲ್ಪ ಕೆರೆದಾಗ ಒಳಗೆ ಬೆಳ್ಳಗೆ ಕಂಡರೆ ಬೆಳ್ಳಿ, ಕೆಂಪಗೆ ಕಂಡರೆ ತಾಮ್ರ. ಅನುಮಾನವಿದ್ದರೆ ಅಕ್ಕಸಾಲಿಗರಿಗೆ ತೋರಿಸಿ. ಇಳಕಲ್ ಸೀರೆಯಾದರೆ ಒಡಲನ್ನೂ ಸೆರಗನ್ನೂ ಕುಣಿಕೆ ಹಾಕಿ ಕೂಡಿಸಿದ ಜಾಗ ಬಿಟ್ಟಿದೆಯಾ ನೋಡಿ. ನನ್ನನ್ನು ಕೇಳಿದರೆ ಹಳೆ ಮೈಸೂರು ಸಿಲ್ಕ್ ವಾಸಿ. ಮೈಸೂರಿನ ರೇಷ್ಮೆ ನೇಯ್ಗೆ ಕಾರ್ಖಾನೆ 1912ರಿಂದ ನೇಯುತ್ತಿದೆ, ಹಾಗಾಗಿ ಹಳೆಯವು ಮನೆಮನೆಯಲ್ಲಿ ಸಿಗುತ್ತವೆ. ಬಟ್ಟೆ ಮೆತ್ತಗೆ, ಜರಿ ಬರೀ ಅಂಚು ಸೆರಗಿನಲ್ಲಿ. ಬೀದಿಯಲ್ಲಿ ‘ಹಳೆ ರೇಷ್ಮೆ ಸೀರೆ’ ಅಂತ ಕೂಗಿಕೊಂಡು ಬರುವವರಿಗೆ ಮಾತ್ರ ಅಜ್ಜಿಯ ಸೀರೆ ಕೊಡಬೇಡಿ. ಜರಿ ಸುಟ್ಟು ಬೆಳ್ಳಿ ತೆಗೆಯುತ್ತಾರೆ, ಅಷ್ಟೇ.

ಮದುವೆ ದಿನ ಧಾರೆಗೆ ಮಾತ್ರ ಉಡಿ, ಹೋಮದ ಹೊಗೆ, ಊಟಕ್ಕೆ ಬೇರೆ ಸೀರೆ ಇರಲಿ. ಧಾರೆ ನೀರು ಸೀರೆಗೆ ಬೀಳದ ಹಾಗೆ ಸೋದರತ್ತೆಯ ಕೈಗೆ ಒಂದು ಟವೆಲ್ ಕೊಟ್ಟಿರಿ. ಸೆಂಟು ಹಾಕುವುದಿದ್ದರೆ ಸೀರೆ ಉಡುವ ಮುಂಚೆ. ಪಿನ್ ಚುಚ್ಚುವ ಕಡೆ ಒಂದು ತುಂಡು ಬಟ್ಟೆ ಒತ್ತುಕೊಡಿ. ಫಾಲ್ ಹಾಕಿಸುವುದಾದರೆ ಅದನ್ನು ಮೊದಲು ನೀರಲ್ಲಿ ನೆನೆಸಿ ಒಣಗಿಸಿ, ಇಲ್ಲದಿದ್ದರೆ ಆಮೇಲೆ ಕುಗ್ಗಿ ಅಂಚನ್ನೇ ಎಳೆಯುತ್ತದೆ.

ಬಿಚ್ಚಿದ ಮೇಲೆ ಒಂದು ರಾತ್ರಿ ಗಾಳಿಗೆ ಹರಡಿ, ಗಂಜಿ ಹಾಕದ ಹಳೆ ಪಂಚೆಯಲ್ಲಿ ಸುತ್ತಿಡಿ. ಪ್ಲಾಸ್ಟಿಕ್ ಕವರ್ ಬೇಡ. ನುಸಿಗುಳಿಗೆ ಜರಿಗೆ ತಾಗಬಾರದು. ಯುಗಾದಿಗೆ ಒಮ್ಮೆ, ದೀಪಾವಳಿಗೆ ಒಮ್ಮೆ ತೆಗೆದು ಮಡಿಕೆ ಬದಲಿಸಿ.

ಸೀರೆ ಎಷ್ಟು ಮೊಳದ್ದು ಅಂತ ನೀವು ಬರೆದಿಲ್ಲ. ಹದಿನೆಂಟು ಮೊಳದ್ದಾದರೆ ಉದ್ದ ಜಾಸ್ತಿ ಅಂತ ಕತ್ತರಿಸಿ ಬ್ಲೌಸ್ ಹೊಲಿಸಬೇಡಿ. ಅಜ್ಜಿಯ ವಯಸ್ಸಿನವರು ಯಾರಾದರೂ ಹತ್ತಿರದಲ್ಲಿದ್ದರೆ ಕಚ್ಚೆ ಹಾಕಿ ಉಡಿಸಿಕೊಡಿ ಅಂತ ಈಗಲೇ ಕೇಳಿಟ್ಟಿರಿ.